ಫರ್ನಾಂಡಿಸ್ ಎಂದರೆ ಯಾರ ಮಗ?

ಈ ಸಲದ ಮಾತಿಗೆ ವಿಷಯ ಕೊಟ್ಟವಳು ನನ್ನ ಮಗಳು. ಕೊಟ್ಟಳು ಅನ್ನುವುದಕ್ಕಿಂತ, ಜಗಳ ತೆಗೆದಳು ಅಂದರೆ ಸರಿ.

ಸ್ಟ್ರಾಟ್‌ಫರ್ಡ್‌ನ ನಮ್ಮ ಮನೆಗೆ ಶನಿವಾರ ಬಂತೆಂದರೆ ಅವಳ ಗೆಳತಿಯೊಬ್ಬಳು ಬರುತ್ತಾಳೆ. ಹುಡುಗಿ ಹುಟ್ಟಿದ್ದು ಇಲ್ಲೇ, ಅಪ್ಪ ಅಮ್ಮ ಮಂಗಳೂರಿನವರು, ಅಡ್ಡಹೆಸರು ಫರ್ನಾಂಡಿಸ್. ಕಳೆದ ತಿಂಗಳು ಅವಳ ಹುಟ್ಟುಹಬ್ಬಕ್ಕೆ ಯಾರೋ ಅಂತರ್ಜಾಲದಲ್ಲಿ ತರಿಸಿಕೊಟ್ಟ ಒಂದು ಚಿತ್ರಪಟವನ್ನು ಎತ್ತಿಕೊಂಡು ಬಂದಳು. ಅದರಲ್ಲಿ ಬಣ್ಣಬಣ್ಣದ ಗುರಾಣಿ, ಮೇಲೊಂದು ಶಿರಸ್ತ್ರಾಣ, ಕೆಳಗೆ ಬಳುಕು ಅಕ್ಷರದಲ್ಲಿ ‘ಫರ್ನಾಂಡಿಸ್, ಸ್ಪೇನಿನ ಪ್ರಾಚೀನ ಮನೆತನ’ ಎಂಬ ಬರಹ. ಮಗಳು ಅದನ್ನು ಎರಡು ಕೈಯಲ್ಲಿ ಹಿಡಿದು ನೋಡಿದಳು. ಗೆಳತಿ ಹೋದ ಮೇಲೆ ನನ್ನ ಹತ್ತಿರ ಬಂದು, ‘ಅವಳದು ನಿಜವಾದ ಸರ್‌ನೇಮ್ ಅಮ್ಮ, ಅದಕ್ಕೊಂದು ಹಿಸ್ಟರಿ ಇದೆ. ನನ್ನದು ಬರೀ ತಾತನ ಹೆಸರು. ಅದು ಸರ್‌ನೇಮೇ ಅಲ್ಲ. ಯೂನಿವರ್ಸಿಟಿಗೆ ಹೋಗುವ ಮೊದಲು ಬದಲಾಯಿಸಿಕೊಳ್ಳುತ್ತೇನೆ’ ಅಂದಳು.

ಅವಳ ಸರ್‌ನೇಮ್ ನಂಜುಂಡಯ್ಯ. ಅದು ನನ್ನ ಮಾವನವರ ಹೆಸರು. ಅರಸೀಕೆರೆ ಹತ್ತಿರದ ಹಳ್ಳಿಯಲ್ಲಿ ತೆಂಗಿನ ತೋಟ ನೋಡಿಕೊಂಡಿದ್ದವರು, ಒಂದು ಸಲವೂ ವಿಮಾನ ಹತ್ತದೆ ತೀರಿಕೊಂಡವರು. ಈ ದೇಶದಲ್ಲಿ ಹದಿನಾರು ತುಂಬಿದವರು ಡೀಡ್ ಪೋಲ್ ಎಂಬ ಒಂದು ಕಾಗದಕ್ಕೆ ಸಾಕ್ಷಿಗಳ ಮುಂದೆ ಸಹಿ ಹಾಕಿ ಹೆಸರು ಬದಲಾಯಿಸಿಕೊಳ್ಳಬಹುದು. ಅಮ್ಮನ ಅಪ್ಪಣೆ ಬೇಕಾಗಿಲ್ಲ. ಹಾಗಾಗಿ ನಾನು ಬೇಡ ಅನ್ನಲಿಲ್ಲ. ‘ಒಂದು ವಾರ ಟೈಮ್ ಕೊಡು, ಆ ಫರ್ನಾಂಡಿಸ್ ಅಂದರೆ ಏನು ಅಂತ ನೋಡೋಣ’ ಅಂದೆ. ಆ ಒಂದು ವಾರದಲ್ಲಿ ಓದಿ ತಿಳಿದದ್ದನ್ನೇ ಇವತ್ತು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಸ್ಪೇನಿಗೆ ಹೋಗೋಣ. ಅಲ್ಲಿ ಈ ಹೆಸರು ಫೆರ್ನಾಂಡೆಜ್. ಅದನ್ನು ಬಿಡಿಸಿದರೆ ಎರಡು ಭಾಗ ಸಿಗುತ್ತವೆ, ಫೆರ್ನಾಂಡೊ ಮತ್ತು ‘ಎಜ್’. ಫೆರ್ನಾಂಡೊ ಎನ್ನುವುದು ಗಂಡಸರಿಗೆ ಇಡುವ ಹೆಸರು, ಇಂಗ್ಲಿಷಿನ ಫರ್ಡಿನಾಂಡ್ ಕೂಡ ಇದೇ. ಸ್ಪೇನಿನ ಹೆಸರು ಅನ್ನಿಸಿದರೂ ಇದರ ಮೂಲ ಜರ್ಮನ್ ಬಳಗದ ಭಾಷೆ. ಐದನೇ ಶತಮಾನದಲ್ಲಿ ವಿಸಿಗೋತರೆಂಬ ಜನ ಆ ನಾಡಿಗೆ ನುಗ್ಗಿ, ಮುಂದೆ ಟೊಲೆಡೊ ನಗರವನ್ನು ರಾಜಧಾನಿ ಮಾಡಿಕೊಂಡು 711ರವರೆಗೆ ಆಳಿದರು. ಅವರ ರಾಜ್ಯ ಅಳಿಯಿತು, ಭಾಷೆಯೂ ಅಳಿಯಿತು, ಆದರೆ ಅವರು ಮಕ್ಕಳಿಗೆ ಇಡುತ್ತಿದ್ದ ಹೆಸರುಗಳು ಮಾತ್ರ ಉಳಿದವು. ಫೆರ್ನಾಂಡೊದ ಕೊನೆಯ ತುಂಡಿಗೆ ಧೈರ್ಯ ಎಂದು ಅರ್ಥ. ಮೊದಲ ತುಂಡಿಗೆ ಪ್ರಯಾಣ ಎಂದು ಕೆಲವು ವಿದ್ವಾಂಸರು, ಶಾಂತಿ ಎಂದು ಇನ್ನು ಕೆಲವರು ಅರ್ಥ ಹೇಳುತ್ತಾರೆ. 1248ರಲ್ಲಿ ಸೆವಿಯ ನಗರವನ್ನು ಗೆದ್ದ ರಾಜ ಮೂರನೇ ಫೆರ್ನಾಂಡೊ. ಕೊಲಂಬಸನನ್ನು 1492ರಲ್ಲಿ ಹಡಗು ಹತ್ತಿಸಿದ ರಾಣಿ ಇಸಾಬೆಲ್ಲಳ ಗಂಡನೂ ಒಬ್ಬ ಫೆರ್ನಾಂಡೊ. ರಾಜರ ಹೆಸರಾದ್ದರಿಂದ ಊರೂರಿನಲ್ಲೂ ಫೆರ್ನಾಂಡೊಗಳು ಹುಟ್ಟಿಕೊಂಡರು. ನಮ್ಮಲ್ಲಿ ಕೃಷ್ಣ, ರಾಮ ಇದ್ದ ಹಾಗೆ.

ಇನ್ನು ‘ಎಜ್’. ಅದಕ್ಕೆ ‘ಇಂಥವನ ಮಗ’ ಎಂದು ಅರ್ಥ, ಅಷ್ಟೇ. ರೊಡ್ರಿಗೊನ ಮಗ ರೊಡ್ರಿಗೆಜ್, ಗೊನ್ಸಾಲೊನ ಮಗ ಗೊನ್ಸಾಲೆಜ್, ಸಾಂಚೊನ ಮಗ ಸಾಂಚೆಜ್, ಮಾರ್ಟಿನನ ಮಗ ಮಾರ್ಟಿನೆಜ್. ನೀವು ಫುಟ್‌ಬಾಲ್ ನೋಡುವಾಗ ಆಟಗಾರರ ಬೆನ್ನಿನ ಮೇಲೆ ಓದುವ ಹೆಸರುಗಳಲ್ಲಿ ಎಷ್ಟೋ ಹೆಸರು ಹೀಗೆ ಯಾರೋ ಒಬ್ಬ ಅಪ್ಪನ ಹೆಸರು.

ಇಲ್ಲೊಂದು ಸ್ವಾರಸ್ಯವಿದೆ. ಮೊದಲ ಕಾಲದಲ್ಲಿ ಈ ಹೆಸರು ಮನೆತನದ ಹೆಸರೇ ಆಗಿರಲಿಲ್ಲ. ತಲೆಮಾರಿಗೊಮ್ಮೆ ಅದು ಬದಲಾಗುತ್ತಿತ್ತು. ಸ್ಪೇನಿನ ಜನ ಇವತ್ತಿಗೂ ಕೊಂಡಾಡುವ ಹನ್ನೊಂದನೇ ಶತಮಾನದ ವೀರ ಎಲ್ ಸಿದ್ ಹೆಸರನ್ನೇ ನೋಡಿ. ಸಿದ್ ಅಂದರೆ ಅರಬ್ಬಿ ಮೂಲದ ಮಾತು, ಒಡೆಯ ಎಂದು ಅರ್ಥ. ಅದು ಬಿರುದು. ಅವನ ನಿಜವಾದ ಹೆಸರು ರೊಡ್ರಿಗೊ ಡಿಯಾಜ್ ದೆ ವಿವಾರ್. ರೊಡ್ರಿಗೊ ಅವನ ಸ್ವಂತ ಹೆಸರು. ಡಿಯಾಜ್ ಎಂದರೆ ಡಿಯೆಗೊನ ಮಗ. ವಿವಾರ್ ಅವನ ಊರು. ಅವನ ಅಪ್ಪನ ಹೆಸರು ಡಿಯೆಗೊ ಲೈನೆಜ್, ಅಂದರೆ ಲೈನನ ಮಗ. ಅವನ ಮಗನ ಹೆಸರು ಡಿಯೆಗೊ ರೊಡ್ರಿಗೆಜ್, ಅಂದರೆ ರೊಡ್ರಿಗೊನ ಮಗ. ಅಜ್ಜ, ಅಪ್ಪ, ಮೊಮ್ಮಗ ಒಂದೇ ಮನೆಯವರು, ಮೂವರಿಗೂ ಬೇರೆ ಬೇರೆ ‘ಸರ್‌ನೇಮ್’.

ಊರು, ಅಪ್ಪನ ಹೆಸರು, ತನ್ನ ಹೆಸರು. ಇದನ್ನು ಎಲ್ಲೋ ಕೇಳಿದ ಹಾಗಿದೆಯಲ್ಲ? ಕುವೆಂಪು ಅವರನ್ನು ನೆನೆಸಿಕೊಳ್ಳಿ. ಕು ಎಂದರೆ ಕುಪ್ಪಳಿ, ತೀರ್ಥಹಳ್ಳಿ ತಾಲ್ಲೂಕಿನ ಊರು. ವೆಂ ಎಂದರೆ ವೆಂಕಟಪ್ಪ, ಅವರ ತಂದೆ. ಪು ಎಂದರೆ ಪುಟ್ಟಪ್ಪ, ಅವರು. ಎಲ್ ಸಿದ್ ತೀರಿಕೊಂಡದ್ದು 1099ರಲ್ಲಿ, ಕುವೆಂಪು ಹುಟ್ಟಿದ್ದು 1904ರಲ್ಲಿ. ಎಂಟುನೂರು ವರ್ಷ ಮತ್ತು ಎರಡು ಖಂಡಗಳ ಅಂತರವಿದ್ದರೂ ಇಬ್ಬರ ಹೆಸರನ್ನೂ ಕಟ್ಟಿದ ರೀತಿ ಒಂದೇ. ಮಗಳಿಗೆ ಇದನ್ನು ಹೇಳಿದಾಗ ಅವಳು ಮೊದಲ ಸಲ ಫೋನು ಕೆಳಗಿಟ್ಟಳು.

ಕನ್ನಡ ಓದಿದವಳಾದ್ದರಿಂದ ಇನ್ನೊಂದು ವಿಷಯ ಹೇಳದೆ ಮುಂದೆ ಹೋಗಲಾರೆ. ಸ್ಪೇನಿನಲ್ಲಿ ಫೆರ್ನಾಂಡೆಜ್ ಇದ್ದ ಹಾಗೆಯೇ ಹೆರ್ನಾಂಡೆಜ್ ಎಂಬ ಅಡ್ಡಹೆಸರೂ ಇದೆ. ಎರಡೂ ಒಂದೇ ಹೆಸರು. ಹಳೆಯ ಸ್ಪ್ಯಾನಿಷಿನಲ್ಲಿ ಎಷ್ಟೋ ಪದಗಳ ಮೊದಲಿಗೆ ಇದ್ದ ‘ಫ’ ಕಾಲಕ್ರಮದಲ್ಲಿ ‘ಹ’ ಆಯಿತು. ಬರುಬರುತ್ತಾ ಆ ‘ಹ’ ಕೂಡ ಬಾಯಿಂದ ಬಿದ್ದುಹೋಗಿ ಈಗ ಬರವಣಿಗೆಯಲ್ಲಿ ಮಾತ್ರ ಉಳಿದಿದೆ. ನಮ್ಮ ಕನ್ನಡದಲ್ಲಿ ಆದದ್ದೂ ಹೆಚ್ಚುಕಡಿಮೆ ಇದೇ. ಹಳಗನ್ನಡದ ಪಾಲು ಹಾಲಾಯಿತು, ಪೂ ಹೂವಾಯಿತು, ಪಳ್ಳಿ ಹಳ್ಳಿಯಾಯಿತು. ಶಾಸನಗಳಲ್ಲಿ ಪೆರ್ಗಡೆ ಎಂದು ಬರುವ ಅಧಿಕಾರಿಯ ಪದವಿ ಹೆಗ್ಗಡೆಯಾಗಿ, ಇವತ್ತು ಹೆಗಡೆ, ಹೆಗ್ಡೆ ಎಂಬ ಅಡ್ಡಹೆಸರಾಗಿ ನಿಮ್ಮ ತರಗತಿಯಲ್ಲಿ ಕೂತಿದೆ. ಹೆಸರು ಬಾಯಿಂದ ಬಾಯಿಗೆ ಹೋಗುವಾಗ ಸವೆಯುತ್ತದೆ. ನಂಜುಂಡಯ್ಯ ಎನ್ನಲು ಟೀಚರ್ ತಡವರಿಸಿದರೆ ಅದರಲ್ಲಿ ಅವಮಾನವೇನಿಲ್ಲ.

ಹಾಗಾದರೆ ತಲೆಮಾರಿಗೊಮ್ಮೆ ಬದಲಾಗುತ್ತಿದ್ದ ಹೆಸರು ಒಂದೇ ಕಡೆ ನಿಂತದ್ದು ಹೇಗೆ? ಆಸ್ತಿಪಾಸ್ತಿ ಇದ್ದವರು ಮೊದಲು ನಿಲ್ಲಿಸಿಕೊಂಡರು. ಅಜ್ಜನ ಜಮೀನು ತಮ್ಮದೇ ಎಂದು ತೋರಿಸಲು ಅಜ್ಜನ ಹೆಸರು ಬೇಕಿತ್ತಲ್ಲ. ಆಮೇಲೆ ಬಂದದ್ದು ದಾಖಲೆ ಪುಸ್ತಕ. ಇಂಗ್ಲೆಂಡಿನಲ್ಲಿ 1538ರಲ್ಲಿ, ಪ್ರತಿ ಚರ್ಚೂ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು ಅಪ್ಪಣೆಯಾಯಿತು. ಕ್ಯಾಥೊಲಿಕ್ ದೇಶಗಳಿಗೆ 1563ರಲ್ಲಿ ಟ್ರೆಂಟ್ ಮಹಾಸಭೆ ಅಂಥದೇ ಕಟ್ಟಳೆ ಹಾಕಿತು. ಬರೆಯುವವನಿಗೆ ಒಂದು ಮನೆಗೆ ಒಂದು ಹೆಸರಿದ್ದರೆ ಅನುಕೂಲ. ಹೀಗೆ ಎಲ್ಲೋ ಒಂದು ತಲೆಮಾರಿನಲ್ಲಿ, ಅಪ್ಪನ ಹೆಸರು ಬೇರೆ ಏನೇ ಇದ್ದರೂ, ಫೆರ್ನಾಂಡೊನ ಮೊಮ್ಮಗನೂ ಮರಿಮಗನೂ ಫೆರ್ನಾಂಡೆಜ್ ಎಂದೇ ಉಳಿದುಬಿಟ್ಟರು. ಹಾಲು ಹೆಪ್ಪುಗಟ್ಟಿದ ಹಾಗೆ ಹೆಸರು ಹೆಪ್ಪುಗಟ್ಟಿತು.

ಇದು ಮಂಗಳೂರಿಗೆ ಬಂದದ್ದು ಸ್ಪೇನಿನಿಂದ ನೇರವಾಗಿ ಅಲ್ಲ, ಪಕ್ಕದ ಪೋರ್ಚುಗಲ್‌ನಿಂದ. ಸ್ಪ್ಯಾನಿಷ್ ಮತ್ತು ಪೋರ್ಚುಗೀಸ್ ಅಕ್ಕತಂಗಿಯರಂಥ ಭಾಷೆಗಳು. ಅಲ್ಲಿನ ‘ಎಜ್’ ಇಲ್ಲಿ ‘ಎಸ್’. ಅಲ್ಲಿ ಫೆರ್ನಾಂಡೆಜ್, ರೊಡ್ರಿಗೆಜ್, ಗೊನ್ಸಾಲೆಜ್. ಇಲ್ಲಿ ಫರ್ನಾಂಡಿಸ್, ರೊಡ್ರಿಗಸ್, ಗೊನ್ಸಾಲ್ವಿಸ್. ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಹಿಡಿದರು. ಅಲ್ಲಿ ಕ್ರೈಸ್ತರಾದವರಿಗೆ ದೀಕ್ಷಾಸ್ನಾನದ ಹೊತ್ತಿನಲ್ಲಿ ಹೊಸ ಹೆಸರು ಬರುತ್ತಿತ್ತು. ದೀಕ್ಷೆ ಕೊಟ್ಟ ಪಾದ್ರಿಯದೋ, ಆ ಹೊತ್ತಿಗೆ ತಂದೆಯ ಸ್ಥಾನದಲ್ಲಿ ನಿಂತ ಪೋರ್ಚುಗೀಸನದೋ ಅಡ್ಡಹೆಸರು ಇವರದೂ ಆಗುತ್ತಿತ್ತು. ಮುಂದಿನ ಎರಡು ಶತಮಾನಗಳಲ್ಲಿ ಯುದ್ಧ, ಬರ, ರೋಗರುಜಿನ, ತೆರಿಗೆ, 1560ರಲ್ಲಿ ಶುರುವಾದ ಧರ್ಮವಿಚಾರಣೆಯ ಭಯ, ಹೀಗೆ ನಾನಾ ಕಾರಣಕ್ಕೆ ಗೋವೆಯ ಕ್ರೈಸ್ತರು ಗುಂಪುಗುಂಪಾಗಿ ಕರಾವಳಿ ಹಿಡಿದು ದಕ್ಷಿಣಕ್ಕೆ ಬಂದರು. ಕೆಳದಿ ಅರಸರ ಕಾಲದಲ್ಲಿ ಕನ್ನಡ ಜಿಲ್ಲೆಗಳಲ್ಲಿ ಬೇಸಾಯಕ್ಕೆ ನಿಂತರು. 1784ರಲ್ಲಿ ಟಿಪ್ಪು ಸುಲ್ತಾನ್ ಅವರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಬದುಕಿ ಉಳಿದವರು 1799ರ ನಂತರ ಹಿಂದಿರುಗಿ ಮತ್ತೆ ಮನೆ ಕಟ್ಟಿಕೊಂಡರು. ಇಷ್ಟೆಲ್ಲದರ ನಡುವೆ ಅವರು ತಮ್ಮ ಕೊಂಕಣಿಯನ್ನು ಬಿಡಲಿಲ್ಲ. ಮಂಗಳೂರಿನಲ್ಲಿ ಅದನ್ನು ಬರೆಯುವುದು ಕನ್ನಡ ಲಿಪಿಯಲ್ಲಿ. ಇವತ್ತಿಗೂ ಎಷ್ಟೋ ಮನೆಗಳಲ್ಲಿ ‘ನಾವು ಮೊದಲು ಪ್ರಭುಗಳು’, ‘ನಾವು ಕಾಮತರು’ ಎಂದು ದೀಕ್ಷೆಗೆ ಹಿಂದಿನ ಹೆಸರನ್ನು ಹಿರಿಯರು ಮಕ್ಕಳಿಗೆ ಹೇಳಿಕೊಡುತ್ತಾರೆ. 1930ರಲ್ಲಿ ಮಂಗಳೂರಿನಲ್ಲಿ ಹುಟ್ಟಿ ಭಾರತದ ರಕ್ಷಣಾ ಸಚಿವರಾದ ಜಾರ್ಜ್ ಫರ್ನಾಂಡಿಸ್ ಈ ಸಮುದಾಯದವರೇ.

ಈಗ ಆ ಗುರಾಣಿಯ ಚಿತ್ರಕ್ಕೆ ಬರುತ್ತೇನೆ. ಮಂಗಳೂರಿನ ಫರ್ನಾಂಡಿಸರಿಗೆ ಹೆಸರು ಬಂದದ್ದು ದೀಕ್ಷೆಯಿಂದ, ರಕ್ತದಿಂದಲ್ಲ. ಸ್ಪೇನಿನಲ್ಲಿ ಕೂಡ ಫೆರ್ನಾಂಡೆಜ್ ಎಂಬ ಒಂದೇ ಮನೆತನ ಎಂದೂ ಇರಲಿಲ್ಲ. ಊರೂರಿನಲ್ಲಿ ಬೇರೆ ಬೇರೆ ಫೆರ್ನಾಂಡೊಗಳಿದ್ದರು, ಅವರ ಮಕ್ಕಳೆಲ್ಲ ಫೆರ್ನಾಂಡೆಜ್‌ಗಳೇ. ಒಬ್ಬ ರಾಜನ ಮಗ, ಇನ್ನೊಬ್ಬ ಕುರಿ ಕಾಯುವವನ ಮಗ. ಲಂಡನ್ನಿನಲ್ಲಿ 1484ರಿಂದ ‘ಕಾಲೇಜ್ ಆಫ್ ಆರ್ಮ್ಸ್’ ಎಂಬ ಸಂಸ್ಥೆ ಇದೆ, ಲಾಂಛನಗಳ ಲೆಕ್ಕ ಇಡುವುದೇ ಅದರ ಕೆಲಸ. ಲಾಂಛನ ಕೊಡುವುದು ಒಬ್ಬ ವ್ಯಕ್ತಿಗೆ, ಅದು ಅವನ ವಂಶಕ್ಕೆ ಇಳಿಯಬಹುದು. ಆದರೆ ಬರೀ ಒಂದು ಅಡ್ಡಹೆಸರಿಗೆ ಲಾಂಛನ ಎಂಬುದೇ ಇಲ್ಲ ಎಂದು ಅವರು ಹೇಳುತ್ತಾರೆ. ಇದನ್ನು ಆ ಹುಡುಗಿಗೆ ಹೇಳಬೇಕೋ ಬೇಡವೋ ಎಂದು ನನಗೆ ಅಳುಕಿತ್ತು. ಹೇಳಿದೆ. ಅವಳು ನಕ್ಕು, ‘ಆಂಟಿ, ನಮ್ಮ ಅಜ್ಜಿ ಆ ಚಿತ್ರ ನೋಡಿ ನಾವು ಪ್ರಭುಗಳು ಅಂತ ಮೊದಲೇ ಬೈದಿದ್ದಾರೆ’ ಅಂದಳು.

ಇನ್ನು ನಮ್ಮ ಹೆಸರುಗಳ ಕಡೆ ನೋಡೋಣ. ‘ಕನ್ನಡದವರಿಗೆ ಸರ್‌ನೇಮ್ ಇಲ್ಲ’ ಎಂದು ನಿಮ್ಮಲ್ಲಿ ಹಲವರು ಹೇಳುವುದನ್ನು ಕೇಳಿದ್ದೇನೆ. ಭಾರತದ ದೊಡ್ಡ ಸಾಹಿತ್ಯ ಪ್ರಶಸ್ತಿಯಾದ ಜ್ಞಾನಪೀಠ ಪಡೆದ ಎಂಟು ಕನ್ನಡಿಗರ ಹೆಸರನ್ನು ಸಾಲಾಗಿ ಇಟ್ಟು ನೋಡಿದರೆ ಉತ್ತರ ಸಿಗುತ್ತದೆ. ಕೆ. ವಿ. ಪುಟ್ಟಪ್ಪ ಮತ್ತು ಯು. ಆರ್. ಅನಂತಮೂರ್ತಿ, ಇವರ ಹೆಸರಿನಲ್ಲಿ ಊರು, ಅಪ್ಪ, ತಾನು. ಉಡುಪಿ ರಾಜಗೋಪಾಲಾಚಾರ್ಯ ಅನಂತಮೂರ್ತಿ ಎಂದು ಬಿಡಿಸಿ ಓದಿ. ಮಾಸ್ತಿ ವೆಂಕಟೇಶ ಅಯ್ಯಂಗಾರ್, ಕೋಟ ಶಿವರಾಮ ಕಾರಂತ, ಇವುಗಳಲ್ಲಿ ಮೊದಲು ಊರು, ಕೊನೆಗೆ ಸಮುದಾಯ ಗುರುತಿಸುವ ಹೆಸರು. ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಎಂಬಲ್ಲಿ ತನ್ನ ಹೆಸರು ಮೊದಲು, ಅಪ್ಪನದು ನಡುವೆ, ಮನೆತನದ್ದು ಕೊನೆಗೆ. ವಿನಾಯಕ ಕೃಷ್ಣ ಗೋಕಾಕ, ಗಿರೀಶ ಕಾರ್ನಾಡ, ಇವರಿಗೆ ಮನೆತನದ ಹೆಸರೇ ಊರು. ಗೋಕಾಕರು ಹುಟ್ಟಿದ್ದು ಸವಣೂರಿನಲ್ಲಿ, ಕಾರ್ನಾಡರು ಮಹಾರಾಷ್ಟ್ರದ ಮಾಥೇರಾನಿನಲ್ಲಿ. ಆದರೆ ಹಿರಿಯರ ಊರು ಹೆಸರಿನಲ್ಲಿ ಅಂಟಿಕೊಂಡು ಬಂತು. ಕೊನೆಯದಾಗಿ ಚಂದ್ರಶೇಖರ ಕಂಬಾರ. ಕಂಬಾರ ಅಂದರೆ ಕಬ್ಬಿಣದ ಕೆಲಸ ಮಾಡುವವನು, ಇಂಗ್ಲಿಷಿನ ಸ್ಮಿತ್, ಸ್ಪೇನಿನ ಹೆರೆರೊ.

ಅಪ್ಪ, ಊರು, ಕಸುಬು, ಕುಲ. ಯುರೋಪಿನ ಅಡ್ಡಹೆಸರುಗಳು ಕೂಡ ಬಹುಮಟ್ಟಿಗೆ ಇವೇ ಮೂಲಗಳಿಂದ ಹುಟ್ಟಿದವು. ಸಾಗರದಲ್ಲಿದ್ದು ಕನ್ನಡದಲ್ಲಿ ‘ದ್ವೀಪ’ ಕಾದಂಬರಿ ಬರೆದ ನಾ. ಡಿಸೋಜ ಅವರ ಅಡ್ಡಹೆಸರಿನ ಮೂಲ ಪೋರ್ಚುಗಲ್‌ನ ಸೋಜ ನದಿಯ ಸೀಮೆ. ಅಂದರೆ ಗೋಕಾಕ, ಕಾರ್ನಾಡಗಳ ಜಾತಿಗೆ ಸೇರಿದ ಹೆಸರು ಅದು. ನಮ್ಮ ಸ್ಟ್ರಾಟ್‌ಫರ್ಡ್‌ನ ದ ಗ್ರೋವ್ ರಸ್ತೆಯಲ್ಲಿ 1844ರಲ್ಲಿ ಹುಟ್ಟಿದ ಕವಿ ಜೆರಾರ್ಡ್ ಮ್ಯಾನ್ಲಿ ಹಾಪ್‌ಕಿನ್ಸ್ ಹೆಸರನ್ನು ಶಾಲೆಯಲ್ಲಿ ಕೇಳಿರುತ್ತೀರಿ. ರಾಬರ್ಟ್ ಎಂಬ ಹೆಸರನ್ನು ಹಿಂದೆ ಮುದ್ದಿಗೆ ಹಾಬ್ ಎಂದು ಕರೆಯುತ್ತಿದ್ದರು. ಪುಟ್ಟ ಹಾಬ್ ಎಂದರೆ ಹಾಬ್‌ಕಿನ್, ಅವನ ಮಗ ಹಾಪ್‌ಕಿನ್ಸ್. ಅದೂ ಯಾರೋ ಒಬ್ಬ ಅಪ್ಪನ ಹೆಸರೇ. ಈ ಊರಿನ ಹೆಸರಿಗೂ ಅಂಥದೇ ಸರಳ ಅರ್ಥ: ರಸ್ತೆ ಹೊಳೆಯನ್ನು ದಾಟುವ ಜಾಗ. ರೋಮನ್ನರು ಹಾಕಿದ ದಾರಿ ಲೀ ನದಿಯನ್ನು ದಾಟುತ್ತಿದ್ದದ್ದು ಈ ಸೀಮೆಯಲ್ಲಿ.

ನಂಜುಂಡಯ್ಯ ಎಂಬ ಹೆಸರು ನಮ್ಮ ಮನೆಗೆ ಸರ್‌ನೇಮ್ ಆಗಿ ಬಂದ ಕಥೆ ಇಷ್ಟು. ಹಳೇ ಮೈಸೂರು ಕಡೆಯ ಹೆಚ್ಚಿನವರ ಹಾಗೆ ನನ್ನ ಗಂಡನಿಗೂ ಹೆಸರಿನ ಮುಂದೆ ಎರಡು ಇನಿಷಿಯಲ್ ಮಾತ್ರ ಇದ್ದವು. ಪಾಸ್‌ಪೋರ್ಟಿಗೆ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಿರಿ ಎಂದರು. ಅವರು ಊರನ್ನು ಬಿಟ್ಟು ಅಪ್ಪನ ಹೆಸರನ್ನು ಸರ್‌ನೇಮ್ ಜಾಗದಲ್ಲಿ ತುಂಬಿದರು. ಎರಡು ನಿಮಿಷದ ಕೆಲಸ. ಇಲ್ಲಿ ಮಗಳು ಹುಟ್ಟಿದಾಗ ಅದೇ ಹೆಸರು ಅವಳಿಗೂ ಬಂತು. ಊರಿನಲ್ಲಿದ್ದಿದ್ದರೆ ಅವಳ ಹೆಸರಿನ ಜೊತೆ ಅಪ್ಪನ ಹೆಸರು ಬರುತ್ತಿತ್ತು, ತಾತನದು ಅಲ್ಲ. ಎಲ್ ಸಿದ್‌ನ ಮನೆಯ ಹಾಗೆ ತಲೆಮಾರಿಗೊಮ್ಮೆ ಬದಲಾಗುತ್ತಿದ್ದ ಹೆಸರು ಲಂಡನ್ನಿನ ಒಂದು ಫಾರಂನಲ್ಲಿ ಬಂದು ನಿಂತಿತು. ಫೆರ್ನಾಂಡೊಗೆ ಚರ್ಚಿನ ಪುಸ್ತಕ ಮಾಡಿದ್ದನ್ನು ನಂಜುಂಡಯ್ಯನವರಿಗೆ ಪಾಸ್‌ಪೋರ್ಟು ಮಾಡಿತು.

ಹಾಗಾಗಿ ಮಗಳಿಗೆ ನಾನು ಹೇಳಿದ್ದು ಇದು. ನಿನ್ನ ಗೆಳತಿಯದು ನಿಜವಾದ ಸರ್‌ನೇಮ್, ನಿನ್ನದು ಬರೀ ತಾತನ ಹೆಸರು ಅಂದೆಯಲ್ಲ, ಅವಳದೂ ಯಾರದೋ ತಾತನ ಹೆಸರೇ ಕಣೇ. ವ್ಯತ್ಯಾಸ ಒಂದೇ. ಆ ಫೆರ್ನಾಂಡೊ ಯಾರೆಂದು ಈಗ ಯಾರಿಗೂ ಗೊತ್ತಿಲ್ಲ. ನಿನ್ನ ನಂಜುಂಡಯ್ಯ ಯಾರೆಂದು ನಿನಗೆ ಗೊತ್ತು. ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ತೋಟ ಸುತ್ತಿಸಿದವರು. ನಂಜನ್ನು, ಅಂದರೆ ವಿಷವನ್ನು, ಲೋಕಕ್ಕಾಗಿ ಕುಡಿದ ಶಿವ ನಂಜುಂಡ. ನಂಜನಗೂಡಿನ ಆ ದೇವರ ಹೆಸರನ್ನು ಅವರಿಗೆ ಅವರಮ್ಮ ಇಟ್ಟದ್ದು.

ಅವಳು ಸುಮ್ಮನೆ ಒಪ್ಪಲಿಲ್ಲ. ‘ಮತ್ತೆ ನಿನ್ನ ಅಪ್ಪ ಎಲ್ಲಿ? ನಿನ್ನ ಹೆಸರಲ್ಲೂ ಇಲ್ಲ, ನನ್ನ ಹೆಸರಲ್ಲೂ ಇಲ್ಲ’ ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಎಂ.ಎ. ಸರ್ಟಿಫಿಕೇಟಿನಲ್ಲಿ ನನ್ನ ಹೆಸರಿನ ಮುಂದೆ ಊರೂ ಇತ್ತು, ಅಪ್ಪನೂ ಇದ್ದರು. ಮದುವೆಯಾಗಿ ಪಾಸ್‌ಪೋರ್ಟು ಮಾಡಿಸುವಾಗ ಎರಡೂ ಹೋದವು. ಅಮ್ಮನ ಹೆಸರಂತೂ ಎಂದೂ ಇರಲಿಲ್ಲ. ಈ ವಿಷಯದಲ್ಲಿ ಸ್ಪೇನಿನವರನ್ನು ಮೆಚ್ಚಬೇಕು. ಅಲ್ಲಿ ಹೆಂಗಸರು ಮದುವೆಯಾದರೆ ಹೆಸರು ಬದಲಾಯಿಸಿಕೊಳ್ಳುವುದಿಲ್ಲ. ಮಗುವಿಗೆ ಅಪ್ಪನದೊಂದು, ಅಮ್ಮನದೊಂದು, ಎರಡು ಅಡ್ಡಹೆಸರು. ಯಾವುದು ಮೊದಲು ಎಂಬುದನ್ನು ತಂದೆತಾಯಿ ಕೂತು ತೀರ್ಮಾನಿಸಲು 1999ರ ಕಾನೂನು ಅವಕಾಶ ಕೊಟ್ಟಿತು. ಚಿತ್ರಕಾರ ಪಿಕಾಸೊ ಹೆಸರು ಪಾಬ್ಲೊ ರೂಯಿಜ್ ಪಿಕಾಸೊ. ರೂಯಿಜ್ ಅಪ್ಪನ ಕಡೆಯದು, ಪಿಕಾಸೊ ಅಮ್ಮನ ಕಡೆಯದು. ಜಗತ್ತು ನೆನಪಿಟ್ಟುಕೊಂಡದ್ದು ಅಮ್ಮನ ಹೆಸರನ್ನು.

ಮಗಳು ಡೀಡ್ ಪೋಲ್ ಫಾರಂ ಇನ್ನೂ ತುಂಬಿಲ್ಲ. ತುಂಬಿದರೆ ನಂಜುಂಡಯ್ಯ ಇರಲಿ, ನಡುವೆ ನಿನ್ನ ಅಪ್ಪನ ಹೆಸರನ್ನೂ ಸೇರಿಸುತ್ತೇನೆ ಎನ್ನುತ್ತಿದ್ದಾಳೆ. ಏನು ಮಾಡುತ್ತಾಳೋ ಅವಳಿಗೆ ಬಿಟ್ಟದ್ದು.

ನಿಮಗೂ ಒಂದು ಮಾತು. ನಿಮ್ಮಲ್ಲಿ ಹಲವರ ಸರ್‌ನೇಮ್ ಹೆಪ್ಪುಗಟ್ಟುತ್ತಿರುವುದು ಈಗ, ನಿಮ್ಮ ತಲೆಮಾರಿನಲ್ಲೇ. ಅದನ್ನು ಉಳಿಸಿಕೊಳ್ಳಿ, ಬದಲಾಯಿಸಿ, ಇನ್ನೊಂದನ್ನು ಜೊತೆಗೆ ಸೇರಿಸಿ, ಅದು ನಿಮ್ಮ ಇಷ್ಟ. ಅದಕ್ಕೆ ಮೊದಲು ಒಂದು ಕೆಲಸ ಮಾಡಿ. ಈ ಭಾನುವಾರ ಊರಿಗೆ ವಿಡಿಯೊ ಕಾಲ್ ಮಾಡಿದಾಗ ಅಜ್ಜಿಯನ್ನೋ ತಾತನನ್ನೋ ಕೇಳಿ: ನಮ್ಮ ಹೆಸರಿನಲ್ಲಿರುವುದು ಊರೋ, ಕಸುಬೋ, ಒಬ್ಬ ಮನುಷ್ಯನೋ? ಮನುಷ್ಯನಾದರೆ, ಅವರು ಹೇಗಿದ್ದರು? ಹೇಳಬಲ್ಲವರು ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ. ಇನ್ನೂರು ವರ್ಷದ ಮೇಲೆ ನಿಮ್ಮ ಮರಿಮಕ್ಕಳಲ್ಲಿ ಯಾರೋ ಒಬ್ಬರು ಒಂದು ಚಿತ್ರಪಟಕ್ಕೆ ದುಡ್ಡು ಕೊಡುವುದು ತಪ್ಪಬಹುದು.